ಜಾವಾ ಅರೇಗಳನ್ನು ಸಾರ್ಟ್ ಮಾಡುವಾಗ ನಲ್ ಮೌಲ್ಯಗಳ ನಿರ್ವಹಣೆ

ಸಿಂದಗಿ, ಇಂಡಿ, ಮುದ್ದೇಬಿಹಾಳ ಎಂದು ವಿಜಯಪುರ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳಿರುವ ಸ್ಟ್ರಿಂಗ್ ಅರೇಯಲ್ಲಿ (ಪಠ್ಯಗಳ ಸಾಲಿನಲ್ಲಿ) ಒಂದು ಸ್ಥಾನ ನಲ್ ಆಗಿ, ಅಂದರೆ ಯಾವ ಮೌಲ್ಯವೂ ಇಲ್ಲದೆ ಉಳಿದಿದ್ದು, ಆ ಅರೇಯನ್ನು ಹಾಗೆಯೇ, ಕ್ರಮವಾಗಿ ಜೋಡಿಸುವ ಅರೇಸ್.ಸಾರ್ಟ್‌ಗೆ ಕೊಟ್ಟರೆ, ಹೋಲಿಕೆಯ ಹಂತದಲ್ಲೇ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಎಂಬ ದೋಷ ಎದುರಾಗುತ್ತದೆ. 2014ರಲ್ಲಿ ಬಂದ ಜಾವಾ 8ರಿಂದ ಇದಕ್ಕೆ ಸಿದ್ಧ ಪರಿಹಾರವಿದೆ. ಸಾರ್ಟ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ, ಹೋಲಿಕೆಯ ನಿಯಮ ಹೇಳುವ ಕಂಪ್ಯಾರೇಟರ್.ನಲ್ಸ್‌ಲಾಸ್ಟ್ ಅನ್ನು, ಅದರೊಳಗೆ ಸಹಜ ಏರಿಕೆ ಕ್ರಮದ ಕಂಪ್ಯಾರೇಟರ್.ನ್ಯಾಚುರಲ್‌ಆರ್ಡರ್ ಅನ್ನು ಕೊಟ್ಟಾಗ ಇಂಡಿ, ಮುದ್ದೇಬಿಹಾಳ, ಸಿಂದಗಿ ಎಂಬ ಕ್ರಮ ದೊರೆತು ನಲ್ ಕೊನೆಗೆ ಸರಿಯುತ್ತದೆ. ಅದು ಮೊದಲಿಗೇ ಬೇಕಿದ್ದರೆ ನಲ್ಸ್‌ಫಸ್ಟ್ ಬಳಸಬೇಕು. ಇಳಿಕೆ ಕ್ರಮಕ್ಕೆಂದು ಇಡೀ ಕಂಪ್ಯಾರೇಟರ್‌ನ ಮೇಲೆ ರಿವರ್ಸ್ಡ್ ಕರೆದರೆ ನಲ್ ಕೂಡ ಮೊದಲಿಗೆ ಬಂದು ಕೂರುವುದರಿಂದ, ನಲ್ಸ್‌ಲಾಸ್ಟ್‌ನ ಒಳಗಡೆ ಇಳಿಕೆ ಕ್ರಮದ ರಿವರ್ಸ್‌ಆರ್ಡರ್ ಇಡುವುದೇ ಲೇಸು. ಆಬ್ಜೆಕ್ಟ್ ಸರಿಯಾಗಿದ್ದು ಅದರ ಒಂದು ಫೀಲ್ಡ್ (ಒಳಗಿನ ಮೌಲ್ಯ) ಮಾತ್ರ ನಲ್ ಆಗಿದ್ದರೆ, ನಲ್ಸ್‌ಲಾಸ್ಟ್ ಇರಬೇಕಾದ ಜಾಗ, ಫೀಲ್ಡ್ ಆಧಾರದ ಮೇಲೆ ಹೋಲಿಸುವ ಕಂಪೇರಿಂಗ್‌ನ ಎರಡನೆಯ ಆರ್ಗ್ಯುಮೆಂಟ್. ಹೊರಗೆ ಸುತ್ತಿದರೆ ಉಪಯೋಗವಿಲ್ಲ. ಬರೀ ಪೂರ್ಣಾಂಕಗಳಿರುವ ಇಂಟ್ ಅರೇಯಲ್ಲಂತೂ ನಲ್ ಇರಲು ಸಾಧ್ಯವೇ ಇಲ್ಲ.