ಫೋನಿನಲ್ಲಿ ತಲೆ ಆಡಿಸುವ ಮಗು: ಬೈಯೋ ಮೊದಲು ಇಷ್ಟು ಮಾಡಿ ನೋಡಿ

ಊರಿಂದ ನಮ್ಮ ಅತ್ತೆ ಫೋನ್ ಮಾಡಿ "ಊಟ ಆಯ್ತಾ ಪುಟ್ಟಿ?" ಅಂತ ಕೇಳಿದರೆ ಮೂರು ವರ್ಷದ ನನ್ನ ಮಗಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಜೋರಾಗಿ ತಲೆ ಆಡಿಸುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಆ ಕಡೆಯಿಂದ "ಹಲೋ, ಹಲೋ, ಲೈನ್ ಕಟ್ಟಾಯ್ತಾ?" ಅಂದರೆ ಇವಳು ಇನ್ನೂ ಜೋರಾಗಿ ಆಡಿಸುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅದೇ ಮಗು ಪಕ್ಕದ ಮನೆ ಹುಡುಗನಿಗೆ ಲಾರಿ ಕೊಡಲ್ಲ ಅಂತ ಕಿರುಚಿದ ದಿನ ಮಾತ್ರ ಯಾರೂ ನಗಲಿಲ್ಲ. "ಎಂಥ ಸ್ವಾರ್ಥಿ ನೋಡು" ಅಂದೆ. ಎರಡರ ಬೇರೂ ಒಂದೇ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಮೇಷ್ಟ್ರಾಗೋಕೆ ಟಿಇಟಿಗೋ ಬಿ.ಎಡ್‌ಗೋ ಓದಿದವರಿಗೆ ಪಿಯಾಜೆ ಹೆಸರು ಬಾಯಿಪಾಠ ಆಗಿರುತ್ತದೆ. ಸ್ವಿಟ್ಜರ್ಲೆಂಡಿನ ಈ ಮನಶ್ಶಾಸ್ತ್ರಜ್ಞ, ಹೆಚ್ಚುಕಮ್ಮಿ ಎರಡರಿಂದ ಏಳು ವರ್ಷದ ಮಕ್ಕಳ ಯೋಚನೆ "ಸ್ವಕೇಂದ್ರಿತ" ಅಂದರು. ಹೆಸರು ಕೇಳಿದರೆ ಸ್ವಾರ್ಥ ಅಂತ ಅನಿಸುತ್ತದೆ, ಎಡವಟ್ಟಾಗೋದು ಅಲ್ಲೇ. ಸ್ವಾರ್ಥಿಗೆ ನಿಮಗೇನು ಬೇಕು ಅಂತ ಗೊತ್ತು, ಗೊತ್ತಿದ್ದೂ ಕೊಡಲ್ಲ. ಈ ಮಗುವಿಗೆ ನಿಮ್ಮ ಕಣ್ಣಿಗೆ ಬೇರೇನೋ ಕಾಣುತ್ತಿರಬಹುದು, ನಿಮ್ಮ ತಲೆಯಲ್ಲಿ ಬೇರೇನೋ ಓಡುತ್ತಿರಬಹುದು ಅನ್ನೋದೇ ಇನ್ನೂ ಸರಿಯಾಗಿ ಹೊಳೆದಿಲ್ಲ. ತಾನು ತಲೆ ಆಡಿಸಿದ್ದು ತನಗೆ ಗೊತ್ತು, ಅಂದಮೇಲೆ ಅಜ್ಜಿಗೂ ಗೊತ್ತು. ಅಷ್ಟೇ ಲೆಕ್ಕ.

ಮೊದಲು ನಿಮ್ಮ ಮಗು ಎಲ್ಲಿದೆ ಅಂತ ನೋಡಿ

ಇದಕ್ಕೆ ದುಡ್ಡು ಖರ್ಚಿಲ್ಲ. ಒಂದು ಬಿಸ್ಕತ್ ಡಬ್ಬಿಯಲ್ಲಿ ಬಳೆ ತುಂಬಿಡಿ. ಮಗುವಿಗೆ ಮುಚ್ಚಿದ ಡಬ್ಬಿ ತೋರಿಸಿ, ಒಳಗೇನಿದೆ ಅಂತ ಕೇಳಿ. "ಬಿಸ್ಕತ್" ಅನ್ನುತ್ತದೆ. ತೆಗೆದು ತೋರಿಸಿ, ಮತ್ತೆ ಮುಚ್ಚಿ. ಈಗ ಕೇಳಿ: "ಅಪ್ಪ ಇದನ್ನ ನೋಡೇ ಇಲ್ಲ. ಒಳಗೆ ಏನಿದೆ ಅಂತ ಅಪ್ಪ ಅಂದ್ಕೊಳ್ತಾರೆ?" ಮೂರು ವರ್ಷದವರು ಸಾಮಾನ್ಯವಾಗಿ "ಬಳೆ" ಅನ್ನುತ್ತಾರೆ. ನನಗೆ ತಮಾಷೆ ಅನಿಸಿದ್ದು ಇದಲ್ಲ, ಮುಂದಿನ ಪ್ರಶ್ನೆ. "ಡಬ್ಬಿ ತೆಗೆಯೋಕೆ ಮುಂಚೆ ನೀನು ಏನು ಅಂದ್ಕೊಂಡಿದ್ದೆ?" ಅಂತ ಕೇಳಿದರೆ ನನ್ನ ಮಗಳು ಒಂದು ಚೂರೂ ಅಳುಕದೆ "ಬಳೆ" ಅಂದಳು! ಒಂದು ನಿಮಿಷದ ಹಿಂದಿನ ತನ್ನ ಯೋಚನೆಯೇ ಅವಳ ಕೈಗೆ ಸಿಗಲಿಲ್ಲ. 1980ರ ದಶಕದಲ್ಲಿ ಸಂಶೋಧಕರು ಸ್ಮಾರ್ಟೀಸ್ ಅನ್ನುವ ಚಾಕೊಲೇಟಿನ ಡಬ್ಬಿಯಲ್ಲಿ ಪೆನ್ಸಿಲ್ ಹಾಕಿ ಮಾಡಿದ ಪರೀಕ್ಷೆ ಇದು. ನಾಲ್ಕು, ಐದು ವರ್ಷದ ಹೊತ್ತಿಗೆ ಜಾಸ್ತಿ ಮಕ್ಕಳು ಸರಿಯಾಗಿ ಹೇಳುತ್ತಾರೆ.

ಇನ್ನೊಂದು, ಅಣ್ಣ ಇರುವ ಹುಡುಗನಿಗೆ. "ನಿಂಗೆ ಅಣ್ಣ ಇದಾನಾ?" "ಇದಾನೆ." "ನಿಮ್ಮ ಅಣ್ಣಂಗೆ ತಮ್ಮ ಇದಾನಾ?" "ಇಲ್ಲ." ಪಕ್ಕದ ಮನೆ ಹುಡುಗ ಹೀಗೇ ಅಂದ. ತಾನು ಯಾರಿಗೋ ತಮ್ಮ ಅಂತ ಅವನು ಆ ಕಡೆಯಿಂದ ನೋಡೇ ಇಲ್ಲ. 1920ರ ದಶಕದಲ್ಲೇ ಪಿಯಾಜೆ ಮಕ್ಕಳಿಗೆ ಇಂಥ ಪ್ರಶ್ನೆ ಕೇಳಿದ್ದರು.

ಉತ್ತರ ತಪ್ಪಾದರೆ ತಿದ್ದಬೇಡಿ, ನಗಬೇಡಿ. ಒಂದು ಉತ್ತರ ಹಿಡಿದುಕೊಂಡು ಮಗುವಿಗೆ ಏನೂ ಗೊತ್ತಾಗಲ್ಲ ಅಂತಲೂ ಅಂದುಕೊಳ್ಳಬೇಡಿ. ಮೂರು ಬೆಟ್ಟಗಳ ಮಾದರಿ ಇಟ್ಟು ಪಿಯಾಜೆ ಮಾಡಿದ್ದ ಪರೀಕ್ಷೆಯಲ್ಲಿ, ಎದುರಿಗಿರುವ ಗೊಂಬೆಗೆ ಬೆಟ್ಟ ಹೇಗೆ ಕಾಣುತ್ತೆ ಅಂದರೆ ಚಿಕ್ಕ ಮಕ್ಕಳು ತಮಗೆ ಕಂಡ ಚಿತ್ರವನ್ನೇ ತೋರಿಸುತ್ತಿದ್ದರು. ಆದರೆ 1970ರ ದಶಕದಲ್ಲಿ ಮಾರ್ಟಿನ್ ಹ್ಯೂಸ್ ಅನ್ನುವವರು ಬೆಟ್ಟ ಬಿಟ್ಟು ಗೋಡೆ ನಿಲ್ಲಿಸಿ, ಪೊಲೀಸ್ ಗೊಂಬೆಗೆ ಕಾಣದ ಹಾಗೆ ಹುಡುಗನ ಗೊಂಬೆಯನ್ನು ಬಚ್ಚಿಡು ಅಂದಾಗ, ಮೂರೂವರೆಯಿಂದ ಐದು ವರ್ಷದವರು ಸುಮಾರು ಶೇ 90ರಷ್ಟು ಸಲ ಸರಿಯಾಗಿ ಬಚ್ಚಿಟ್ಟರು. ಬೆಟ್ಟ ಯಾವ ಮಗುವಿಗೆ ಬೇಕು ಹೇಳಿ? ಕಳ್ಳ ಪೊಲೀಸ್ ಆಟ ಗೊತ್ತು. ಅದಕ್ಕೇ ನಾನು ಹೇಳೋದು, ಏನೇ ಕಲಿಸಬೇಕು ಅಂದರೂ ಆಟದಲ್ಲೇ ಕಲಿಸಿ.

ದಿನಾ ಮಾಡೋದು

ಫೋನಿನ ವಿಷಯಕ್ಕೆ ಒಂದೇ ವಾಕ್ಯ ಸಾಕು: "ಅಜ್ಜಿಗೆ ನೀನು ಕಾಣ್ತಿಲ್ಲ, ಬಾಯಲ್ಲಿ ಹೇಳು." ಪುಸ್ತಕ ತೋರಿಸುವಾಗ ಚಿತ್ರವನ್ನು ತನ್ನ ಕಡೆಗೇ ಹಿಡಿದುಕೊಂಡರೆ ಎಬ್ಬಿಸಿ ನಿಮ್ಮ ಜಾಗದಲ್ಲಿ ಕೂರಿಸಿ. ಇಲ್ಲಿಂದ ರಟ್ಟು ಮಾತ್ರ ಕಾಣುತ್ತೆ ಅಂತ ಅದೇ ನೋಡಲಿ. ಹತ್ತು ಸಲ ಹೇಳೋದಕ್ಕಿಂತ ಒಂದು ಸಲ ಜಾಗ ಬದಲಿಸೋದು ವಾಸಿ.

ಆಟದ ಸಾಮಾನಿನ ಜಗಳದಲ್ಲಿ "ಅವನಿಗೆ ಹೇಗನ್ಸುತ್ತೆ ಯೋಚ್ನೆ ಮಾಡು" ಅಂತ ಎರಡೂವರೆ ವರ್ಷದ ಮಗುವಿಗೆ ಹೇಳಿ ಪ್ರಯೋಜನ ಕಮ್ಮಿ. ಯೋಚನೆ ನೀವು ಮಾಡಿ, ಮಾತು ಅದಕ್ಕೆ ಕೊಡಿ. "ಅವನ ಮುಖ ನೋಡು, ಅಳ್ತಿದಾನೆ. ಅವನಿಗೂ ಲಾರಿ ಬೇಕಿತ್ತು." ಆಮೇಲೆ ಸರದಿ: ಅವನು ಎರಡು ಸುತ್ತು, ನೀನು ಎರಡು ಸುತ್ತು. ತೀರಾ ಇಷ್ಟದ ಒಂದು ಗೊಂಬೆ ಇದ್ದರೆ ನೆಂಟರು ಬರೋ ಮೊದಲೇ ಬೀರುವಿನಲ್ಲಿ ಇಟ್ಟುಬಿಡಿ. ನಮ್ಮ ಒಡವೆಯನ್ನು ನಾವೂ ಎಲ್ಲರಿಗೂ ಕೊಡಲ್ಲ, ಅಲ್ವಾ?

ಕಥೆ ಹೇಳುವಾಗ ಮಧ್ಯೆ ನಿಲ್ಲಿಸಿ. ಮೊಲ ಸಿಂಹವನ್ನು ಬಾವಿ ಹತ್ತಿರ ಕರೆದುಕೊಂಡು ಹೋಗುವ ಕಥೆ ಇದೆಯಲ್ಲ, ಇದಕ್ಕೆ ಹೇಳಿ ಮಾಡಿಸಿದ್ದು. "ಬಾವೀಲಿ ಏನಿದೆ ಅಂತ ಸಿಂಹ ಅಂದ್ಕೊಳ್ತು? ನಿಜವಾಗಿ ಏನಿತ್ತು? ಮೊಲಕ್ಕೆ ಗೊತ್ತಿತ್ತಾ?" ಅಂದ್ಕೊಂಡ, ಮರೆತ, ಗೊತ್ತಿರಲಿಲ್ಲ, ತಪ್ಪು ತಿಳ್ಕೊಂಡ, ಇಂಥ ಮಾತು ಮನೆಯಲ್ಲಿ ಎಷ್ಟು ಓಡಾಡುತ್ತವೋ ಅಷ್ಟು ಒಳ್ಳೆಯದು.

ಆಡುವಾಗ ಒಬ್ಬಳೇ ವಟವಟ ಅನ್ನುತ್ತಿದ್ದರೆ ಸುಮ್ನೆ ಬಿಡಿ. ಪಿಯಾಜೆ ಅದನ್ನೂ ಸ್ವಕೇಂದ್ರಿತ ಮಾತು ಅಂದರು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಒಪ್ಪಲಿಲ್ಲ. ಅದು ಬಾಯಿಬಿಟ್ಟು ಮಾಡುವ ಯೋಚನೆ, ಮುಂದೆ ಒಳಗೆ ಇಳಿಯುತ್ತದೆ ಅಂದರು. ನನಗೆ ವೈಗಾಟ್‌ಸ್ಕಿ ಮಾತೇ ಸರಿ ಅನಿಸುತ್ತದೆ, ಕೀ ಹುಡುಕುವಾಗ ನಾನೂ ಗೊಣಗುತ್ತೇನೆ.

ಒಂದೂವರೆ ವರ್ಷ ಆದರೂ ಮಗು ಬೆರಳು ಮಾಡಿ "ಅದು ನೋಡು" ಅಂತ ನಿಮಗೆ ಏನನ್ನೂ ತೋರಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ ಅಂದರೆ ಅದು ಬೇರೆ ವಿಷಯ. ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಇದೊಂದನ್ನು ಮಾತ್ರ ಮಾಡಬೇಡಿ

ರಾತ್ರಿ ಬಸ್ಸಿನಲ್ಲಿ "ಚಂದಮಾಮ ನಮ್ಮ ಜೊತೇನೇ ಬರ್ತಿದಾನೆ" ಅನ್ನುವ ಮಗು, ಮನೆಯಲ್ಲಿ ಆಗುವ ಕೆಟ್ಟದ್ದೂ ತನ್ನಿಂದಲೇ ಆಯಿತು ಅಂದುಕೊಳ್ಳಬಹುದು. ಹಾಗಾಗಿ "ನಿನ್ನ ಹಠಕ್ಕೇ ಅಮ್ಮಂಗೆ ತಲೆನೋವು ಬಂದಿದ್ದು" ಅನ್ನೋದನ್ನು ಇವತ್ತೇ ನಿಲ್ಲಿಸಿ. ನಮಗದು ಬಾಯಿಮಾತು. ಮಗು ನಂಬುತ್ತದೆ.

ದಸರಾ ರಜೆಗೆ ಊರಿಗೆ ಹೋಗಿದ್ದಾಗ ನಮ್ಮ ಮಾವನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೃಷ್ಟಿ ಆಗಿದೆ ಅಂತ ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಮೂರನೇ ದಿನ ಮಲಗುವಾಗ ಪಿಸುಗುಟ್ಟಿದಳು: "ತಾತನ ಕೋಲು ನಾನು ಬಚ್ಚಿಟ್ಟೆ." ನನಗೆ ಹೊಟ್ಟೆ ಚುರುಕ್ ಅಂತು. ಇಂಥ ಹೊತ್ತಿನಲ್ಲಿ "ಏನೂ ಆಗಲ್ಲ ಬಿಡು" ಅಂದರೆ ಸಾಲದು, ಕಾರಣ ಬಿಡಿಸಿ ಹೇಳಬೇಕು. "ನೀನು ಕೋಲು ಬಚ್ಚಿಟ್ಟಿದ್ದಕ್ಕೆ ತಾತಂಗೆ ಹುಷಾರಿಲ್ದೆ ಆಗಿದ್ದಲ್ಲ. ತಾತನ ಎದೇಲಿ ಕಫ ಕಟ್ಟಿದೆ, ಅದಕ್ಕೆ ಉಸಿರಾಡೋಕೆ ಕಷ್ಟ. ಡಾಕ್ಟ್ರು ಔಷಧಿ ಕೊಡ್ತಿದಾರೆ." ಮಾರನೇ ದಿನ ಮತ್ತೆ ಅದನ್ನೇ ಕೇಳಿದಳು, ನಾನೂ ಅದನ್ನೇ ಹೇಳಿದೆ. ಐದನೇ ಸಲವೋ ಆರನೇ ಸಲವೋ ಹೇಳಿದ ಮೇಲೆ ಎದ್ದು ಹೋಗಿ, ಮಂಚದ ಕೆಳಗೆ ತೂರಿ, ಕೋಲು ಎಳೆದುಕೊಂಡು ಬಂದು ತಾತನ ಕುರ್ಚಿಗೆ ಒರಗಿಸಿ, "ಊಟ" ಅಂದಳು.