ಕಂಬಳಿ ಹುಳ ಮಣ್ಣಲ್ಲಿ ಮಲಗಿರುವಾಗ

ಮಡಕಶಿರ ಕಡೆ ಕಡಲೆಕಾಯಿ ಬೆಳೆಯುವವರಿಗೆ ಕೆಂಪು ಕಂಬಳಿ ಹುಳ ಹೊಸದೇನಲ್ಲ. ಅಗಳಿ, ರೊಳ್ಳ, ಅಮರಾಪುರದ ಕೆಂಪು ನೆಲದಲ್ಲಿ ಮುಂಗಾರು ಬಿದ್ದು ಪೈರು ನಾಲ್ಕೆಲೆ ಬಿಟ್ಟರೆ ಸಾಕು, ದಂಡುಕಟ್ಟಿ ಬಂದು ಹೊಲ ಬೋಳಿಸುತ್ತದೆ. ದಪ್ಪಗೆ ಬೆಳೆದು ಮೈತುಂಬ ಕೂದಲು ಬಂದ ಹುಳಕ್ಕೆ ಔಷಧಿ ಹೊಡೆದರೆ ದುಡ್ಡು ಹೋಗುತ್ತದೆ, ಹುಳ ಹೋಗುವುದಿಲ್ಲ. ಈ ಹುಳ ವರ್ಷದಲ್ಲಿ 9–10 ತಿಂಗಳು ನಮ್ಮದೇ ಬದುವಿನ ಮಣ್ಣಲ್ಲಿ ಕೋಶವಾಗಿ, ಅಂದರೆ ಪತಂಗವಾಗುವ ಮುಂಚಿನ ಗೂಡಿನ ಹಂತದಲ್ಲಿ, ಮಲಗಿರುತ್ತದೆ. ಅದನ್ನು ಅಲ್ಲೇ ಹಿಡಿಯಬೇಕು ಅನ್ನುವುದು ನಾನು ಕಂಡುಕೊಂಡ ದಾರಿ.

ಬೇಸಿಗೆಯಲ್ಲಿ ಬೇವಿನ ಬುಡ ಅಗೆದರೆ ಒಂದು ಗೇಣಿನೊಳಗೇ ಕೋಶ ಸಿಗುತ್ತದೆ. ಸುತ್ತ ಮಣ್ಣಿನ ಗೂಡು, ಅದಕ್ಕೆ ಅಂಟಿದ ಹುಳದ ಕೂದಲು. ಒಳಗೆ ಹುಣಸೆ ಬೀಜದ ಹಾಗೆ ಹೊಳೆಯುವ ಕಡು ಕಂದು ಕೋಶ. ಸತ್ತಿದೆ ಅಂತಲೇ ಅನಿಸುತ್ತದೆ. ಮೆಲ್ಲಗೆ ಬೆರಳು ಮುಟ್ಟಿಸಿದರೆ ಬಾಲದ ಕಡೆಯ ಉಂಗುರಗಳು ಒಂದು ಸಲ ತಿರುಗುತ್ತವೆ.

ಚಳಿಗಾಲದಲ್ಲಿ ಅಗೆದು ತೆಗೆದ ಒಂದಷ್ಟು ಕೋಶಗಳನ್ನು ಅದೇ ಮಣ್ಣಿನ ಸಮೇತ ಕುಂಡಗಳಿಗೆ ಹಾಕಿ, ಮೇಲೆ ಸೊಳ್ಳೆ ಪರದೆ ಕಟ್ಟಿ ಅಂಗಳದಲ್ಲಿಟ್ಟಿದ್ದೆ. ಸಂಕ್ರಾಂತಿ ಹೊತ್ತಿಗೆ ಒಂದು ಕುಂಡಕ್ಕೆ ಜೋರು ಮಳೆ ಬಂದಷ್ಟೇ ನೀರು ಹಾಕಿದೆ. ಒಂದೂ ಏಳಲಿಲ್ಲ. ಜೂನ್‌ನಲ್ಲಿ ಹದ ಮಳೆ ಬಿದ್ದಾಗ ಅದೇ ಕುಂಡದಿಂದ ಪತಂಗ ಬಂದವು.

ಸುಮ್ನೆ ಬಿಸಿಲಿಗೋ ಚಳಿಗೋ ಮುದುಡಿ ಕೂತ ಹುಳ ಹವೆ ಸರಿಹೋದ ಕೂಡಲೇ ಎದ್ದು ಓಡಾಡುತ್ತದೆ. ಡಯಾಪಾಸ್ ಅನ್ನುವ ಈ ನಿದ್ದೆಯ ತಯಾರಿ ಬೇರೆ. ಕಷ್ಟಕಾಲ ಇನ್ನೂ ದೂರ ಇದ್ದು, ಹೊಲ ಹಸಿರಾಗಿರುವಾಗಲೇ ಹುಳ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡು ಮಣ್ಣಿಗಿಳಿಯುತ್ತದೆ. ಆಮೇಲೆ ಮಿದುಳು ಸೂಚನೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಸೂಚನೆ ಇಲ್ಲದೆ ಎಕ್ಡೈಸೋನ್ ಹಾರ್ಮೋನ್ ಹೊರಡುವುದಿಲ್ಲ, ಅದಿಲ್ಲದೆ ಕೋಶ ಪತಂಗವಾಗುವುದಿಲ್ಲ. ಉಸಿರಾಟ ತೀರಾ ಇಳಿಯುತ್ತದೆ, ಕೂಡಿಟ್ಟ ಕೊಬ್ಬು ತಿಂಗಳುಗಟ್ಟಲೆ ಬರುತ್ತದೆ. ಒಳಗಿನ ಅವಧಿ ಮುಗಿಯದೆ ನೀರು ಹಾಕಿದರೂ ಅದು ಮಿಸುಕದು. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಅಕಾಲದ ಒಂದು ಮಳೆಗೆ ಎದ್ದುಬಿಟ್ಟರೆ ಮರಿಗಳು ತಿನ್ನುವುದಾದರೂ ಏನನ್ನು, ಅಲ್ವಾ?

ಹಾಗಾಗಿ ನನ್ನ ಕೆಲಸ ಬಿತ್ತನೆಗೆ ಎಷ್ಟೋ ಮುಂಚೆ ಶುರು. ಭರಣಿ ಮಳೆಗೆ ನೆಲ ಮೆತ್ತಗಾದರೆ ಆಳವಾಗಿ ಉಳುಮೆ ಮಾಡಿಸುತ್ತೇನೆ. ಟ್ರ್ಯಾಕ್ಟರ್ ಹಿಂದೆಯೇ ಬೆಳ್ಳಕ್ಕಿ, ಕಾಗೆ, ಗೊರವಂಕ ಬರುತ್ತವೆ. ಅವುಗಳ ಕಣ್ಣು ತಪ್ಪಿಸಿದ ಕೋಶ ಬಿಸಿಲಿಗೆ ಒಣಗುತ್ತದೆ. ಆದರೆ ಕೋಶ ಜಾಸ್ತಿ ಇರುವುದು ಟ್ರ್ಯಾಕ್ಟರ್ ಹೋಗದ ಕಡೆ: ಬದು, ಬೇಲಿ ಬುಡ, ಬೇವು-ಹೊಂಗೆಯ ನೆರಳು. ಅಲ್ಲಿ ಗುದ್ದಲಿಯೇ ಗತಿ. ಬೇಸರದ ಕೆಲಸ ನಿಜ, ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಉಳುಮೆಗಿಂತ ಇದೇ ಮುಖ್ಯ.

ಉಳಿದವು ಏಳುವುದು ಮುಂಗಾರಿನ ಜೋರು ಮಳೆ ಬಿದ್ದ ಎರಡು ಮೂರು ದಿನಕ್ಕೆ, ಸಂಜೆಗತ್ತಲಲ್ಲಿ. ಮಣ್ಣಿಂದ ಬಂದ ಪತಂಗ ಮುದುಡಿದ ರೆಕ್ಕೆ ಹೊತ್ತು ಹುಲ್ಲುಕಡ್ಡಿ ಏರಿ ಕೂರುತ್ತದೆ. ರೆಕ್ಕೆ ಬಿಚ್ಚಿ ಗಟ್ಟಿಯಾಗುವಾಗ ಗುರುತು ಕಾಣುತ್ತದೆ: ಬಿಳಿಚು ರೆಕ್ಕೆ, ಕಂದು ಗೀರು, ಮುಂದಿನ ಅಂಚಿಗೆ ಹಳದಿ ಪಟ್ಟಿ. ಬೆಳಕು ಕಂಡರೆ ನುಗ್ಗುತ್ತವೆ. ಬದುವಿನ ಮೇಲೆ ಬೆಂಕಿ ಹಾಕಬೇಕು, ಇಲ್ಲವೇ ಬಲ್ಬು ಕಟ್ಟಿ ಕೆಳಗೆ ಸೋಪು ನೀರಿನ ಬಾಂಡ್ಲಿ ಇಡಬೇಕು. ಒಂದು ಹೆಣ್ಣು 600–700 ಮೊಟ್ಟೆ ಇಡುತ್ತದೆ, ಆದ್ದರಿಂದ ಒಂದು ರಾತ್ರಿ ತಡವಾದರೂ ಕೆಲಸ ಕೆಟ್ಟಿತು. ಒಬ್ಬರೇ ದೀಪ ಹಚ್ಚಿದರೆ ಸುತ್ತಲಿನ ಪತಂಗವೆಲ್ಲ ಅವರ ಹೊಲಕ್ಕೇ ಬರುತ್ತದೆ. ಅದಕ್ಕೇ ಮಳೆ ನಿಂತ ಕೂಡಲೇ ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡುತ್ತೇನೆ. ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು.

ಆಮೇಲೂ ತಪ್ಪಿಸಿಕೊಂಡವು ಇದ್ದೇ ಇರುತ್ತವೆ. ಎಲೆಯ ಅಡಿ ಮೊಟ್ಟೆಗುಂಪು ನೋಡಿ ಕೀಳಬೇಕು. ಮೊಟ್ಟೆಯೊಡೆದ ಮರಿಗಳು ಮೊದಲು ಒಟ್ಟಿಗೇ ಇದ್ದು ಎಲೆಯ ಹಸಿರು ಕೆರೆಯುತ್ತವೆ. ಕಾಗದದಂತೆ ತೆಳುವಾದ ಎಲೆ ಕಂಡರೆ ಕಿತ್ತು ಸೋಪು ನೀರಿಗೆ ಹಾಕಿದರಾಯಿತು. ದೊಡ್ಡವಾದ ಮೇಲೆ ಹೊಲದಿಂದ ಹೊಲಕ್ಕೆ ದಾಟುತ್ತವೆ, ಆಗ ಅಂಚಿಗೆ ಒಂದಡಿ ಆಳದ ನೇರ ಗೋಡೆಯ ಕಾಲುವೆ ತೋಡಬೇಕು.

ಮೊಟ್ಟೆಯಿಂದ ಬಂದ 40–50 ದಿನಕ್ಕೆ ಬಲಿತ ಹುಳ ತಿನ್ನುವುದು ಬಿಟ್ಟು ಮರ, ಬದುಗಳ ಕಡೆ ಹೊರಡುತ್ತದೆ. ಆ ದಿನಗಳಲ್ಲಿ ನಾನು ಸಂಜೆ ಹೊಲ ಸುತ್ತಿ, ಜಾಸ್ತಿ ಇಳಿದ ಕಡೆ ಒಂದೊಂದು ಕಲ್ಲು ನೆಡುತ್ತೇನೆ. ಮುಂದಿನ ಬೇಸಿಗೆಯಲ್ಲಿ ಗುದ್ದಲಿ ಹಾಕುವುದು ಅಲ್ಲೇ.