ಗಂಟಲು ಕೆಟ್ಟರೆ ಕಿಡ್ನಿ ಕೆರಳುತ್ತದೆಯೇ? ದಿನ ಎಣಿಸಿ ಬರೆದಿಡಿ

ಗಂಟಲು ಕೆಟ್ಟ ಮರುದಿನ ಬೆಳಿಗ್ಗೆ ನನ್ನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತ್ತು. ಉರಿ ಇಲ್ಲ, ನೋವಿಲ್ಲ. ನೀರು ಕಡಿಮೆ ಆಗಿರಬೇಕು ಅಂತ ಚೊಂಬುಗಟ್ಟಲೆ ಕುಡಿದೆ. ಮೂರು ದಿನಕ್ಕೆ ತಾನಾಗಿ ತಿಳಿಯಾಯಿತು, ನಾನೂ ಸುಮ್ನೆ ಮರೆತೆ. ಎಂಟು ತಿಂಗಳಾದ ಮೇಲೆ ಮತ್ತೊಂದು ನೆಗಡಿ, ಮತ್ತೆ ಅದೇ ಬಣ್ಣ. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಬಂದ ಹೆಸರು ಐಜಿಎ ನೆಫ್ರೋಪತಿ, ಒಂದು ಕಿಡ್ನಿ ಕಾಯಿಲೆ. 1968ರಲ್ಲಿ ಫ್ರಾನ್ಸಿನ ಬರ್ಜರ್ ಮತ್ತು ಆಂಗ್ಲೇ ಇದನ್ನು ಮೊದಲು ವಿವರಿಸಿದರು.

ನೆಗಡಿಯೇ ಕಾಯಿಲೆ ತಂತು ಅಂತ ನಾನು ನಂಬಿದ್ದೆ. ಹಾಗಲ್ಲವಂತೆ. ಗಂಟಲು, ಕರುಳಿನ ಒಳಪದರ ಕಾಯುವ ಐಜಿಎ ಎಂಬ ಪ್ರತಿಕಾಯದಲ್ಲಿ ಕೆಲವರಿಗೆ ಸಕ್ಕರೆಯ ಒಂದು ತುಣುಕು ಕಡಿಮೆ ಇರುತ್ತದೆ. ದೇಹ ಅದನ್ನೇ ಹೊರಗಿನದು ಅಂತ ತಿಳಿದು ಅದರ ಮೇಲೆ ಇನ್ನೊಂದು ಪ್ರತಿಕಾಯ ಬಿಡುತ್ತದೆ. ಎರಡೂ ಅಂಟಿಕೊಂಡು ಕಿಡ್ನಿಯ ಸಣ್ಣ ಜರಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನೆಗಡಿ ಬಂದಾಗ ಈ ಗಲಾಟೆ ಕೆರಳುತ್ತದೆ, ಅಷ್ಟೇ.

ಹಾಗಾಗಿ ಒಂದು ಪುಸ್ತಕ ಇಟ್ಟುಕೊಳ್ಳಿ. ಗಂಟಲು ನೋವು ಶುರುವಾದ ದಿನ ಒಂದು ಕಡೆ, ಬಣ್ಣ ಬದಲಾದ ದಿನ ಪಕ್ಕದಲ್ಲಿ. ನಡುವಿನ ಅಂತರವೇ ವೈದ್ಯರಿಗೆ ಬೇಕಾದದ್ದು. ಒಂದೆರಡು ದಿನದೊಳಗೆ ಬಂದರೆ ಐಜಿಎ ಕಡೆ ಅನುಮಾನ. ಗಂಟಲು ನೋವು ಶುರುವಾಗಿ ಒಂದರಿಂದ ಮೂರು ವಾರ ಕಳೆದು ಬಂದರೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ನಂತರದ ಕಿಡ್ನಿ ಉರಿಯೂತ ಇರಬಹುದು. ಚರ್ಮದ ಹುಣ್ಣಿನಿಂದಾದರೆ ಆರು ವಾರದವರೆಗೂ ಹೋಗುತ್ತದೆ.

ಬೆಳಿಗ್ಗೆಯ ಮೊದಲ ಮೂತ್ರವನ್ನು ಬಿಳಿ ಬೆಳಕಲ್ಲಿ ನೋಡಿ. ನೊರೆ ಎದ್ದು ಬಹಳ ಹೊತ್ತು ಇಳಿಯದಿದ್ದರೆ ಪ್ರೋಟೀನ್ ಸೋರುತ್ತಿರಬಹುದು. ಮುಟ್ಟಿನ ದಿನಗಳನ್ನು ಗುರುತು ಹಾಕಿ, ಆ ರಕ್ತ ಮೂತ್ರದಲ್ಲಿ ಬೆರೆಯಬಹುದು. ಕೆಂಪೆಲ್ಲ ರಕ್ತ ಅಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಬಣ್ಣ ಕೊಡುತ್ತದೆ. ಮನೆಯಲ್ಲೇ ಮೂತ್ರದಲ್ಲಿ ಅದ್ದುವ ಪರೀಕ್ಷೆಯ ಪಟ್ಟಿ ಬಳಸುವುದಾದರೆ ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡು ಕಾಯಿರಿ, ಮುಚ್ಚಳ ಬಿಗಿಯಾಗಿರಲಿ. ನಾನು ಬಾತ್‌ರೂಮಲ್ಲೇ ಇಟ್ಟು ಅರ್ಧ ಡಬ್ಬಿ ಹಾಳು ಮಾಡಿದೆ, ತೇವಕ್ಕೆ.

ಮಾತ್ರೆಗಳಿಗೂ ಒಂದು ಕಾಲಂ ಇರಲಿ. ನನ್ನ ದೊಡ್ಡ ತಪ್ಪು ಇಲ್ಲೇ: ಗಂಟಲು ನೋವಿಗೆ ಐಬುಪ್ರೊಫೆನ್ ನುಂಗುತ್ತಿದ್ದೆ. ಕಿಡ್ನಿ ಕೆರಳಿರುವಾಗ ಅದು ಇನ್ನಷ್ಟು ಕೆಡಿಸುತ್ತದೆ. ಡಿಕ್ಲೋಫೆನಾಕ್ ಕೂಡ ಅದೇ ಜಾತಿ.

ಬೇರೆ ಕಿಡ್ನಿ ಕಾಯಿಲೆಗಳಿಗೆ ಕೆರಳಿಸುವುದೂ ಬೇರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ಬೀಳುವ ಲೂಪಸ್ ಇದ್ದವರಿಗೆ ಬಿಸಿಲು, ಸೋಂಕು, ಬಸಿರು, ಜೊತೆಗೆ ತಾವಾಗಿಯೇ ಮಾತ್ರೆ ನಿಲ್ಲಿಸುವುದು. ಕಿಡ್ನಿಯ ಜರಡಿಯ ಗೋಡೆ ದಪ್ಪವಾಗುವ ಮೆಂಬ್ರೇನಸ್ ನೆಫ್ರೋಪತಿಗೆ ಹೆಪಟೈಟಿಸ್ ಬಿ, ಪಾದರಸ ಬೆರೆಸಿದ ಬಿಳಿ ಮಾಡುವ ಕ್ರೀಮು. ರಕ್ತನಾಳದ ಉರಿಯೂತಕ್ಕೆ ಸಿಲಿಕಾ ಧೂಳು, ಬಿಪಿಯ ಹೈಡ್ರಲಜೀನ್, ಥೈರಾಯ್ಡಿನ ಪ್ರೊಪೈಲ್‌ಥಯೋಯುರಾಸಿಲ್. ಹಾಗಂತ ಓದಿದ ತಕ್ಷಣ ಮಾತ್ರೆ ಎಸೆಯಬೇಡಿ, ಕೇಳಿ. ನಿಮ್ಮ ಪುಸ್ತಕದಲ್ಲಿ ಕೆಲಸದ ಜಾಗ, ಹಚ್ಚುವ ಕ್ರೀಮು, ಸಿಗರೇಟು ಎಲ್ಲ ಬರಲಿ. ಇವನ್ನು ಯಾರೂ ತಾವಾಗಿ ಕೇಳುವುದಿಲ್ಲ, ನನ್ನನ್ನಂತೂ ಕೇಳಲಿಲ್ಲ.

ಮೂತ್ರ ತೀರಾ ಕಡಿಮೆಯಾದರೆ, ಮುಖ ಊದಿದರೆ, ಉಸಿರು ಕಟ್ಟಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಪುಸ್ತಕ ಬದಿಗಿಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ನನ್ನ ಪುಸ್ತಕದಲ್ಲಿ ಈಗ ಏಳು ನೆಗಡಿಗಳಿವೆ. ಮೂರಕ್ಕೆ ಮಾತ್ರ ಬಣ್ಣ ಬಂತು. ಉಳಿದ ನಾಲ್ಕರಲ್ಲಿ ಎರಡು ಸಲ ಮೂತ್ರ ತಿಳಿಯಾಗಿಯೇ ಇತ್ತು, ಆದರೆ ಪರೀಕ್ಷೆಯ ಪಟ್ಟಿಯಲ್ಲಿ ರಕ್ತ ತೋರಿಸುವ ಚೌಕ ಮಾತ್ರ ಹಸಿರಾಗಿತ್ತು. ಕಣ್ಣಿಗೆ ಕಾಣದ ರಕ್ತ ಅದು. ಆ ಎರಡನ್ನೂ ಕೆಂಪು ಪೆನ್ನಿನಲ್ಲಿ ಸುತ್ತಿ ಡಾಕ್ಟರಿಗೆ ತೋರಿಸಿದ್ದೇನೆ.